ಗೊರಕಪ್ಪ ಬೇರೆ, ಗೊರ್ಕಪ್ಪ ಬೇರೆಯೇ?

ಗೊಂಬೆ ಹೊಲಿಯುವ ಅಕ್ಕ ಬಾಗಿಲು ತೆಗೆದಾಗ ಒಬ್ಬ ತಾಯಿ ಕೆಂಡವಾಗಿ ನಿಂತಿದ್ದಳು. ಕೈಯಲ್ಲಿ ಬಟ್ಟೆಯ ಕರಡಿ. ಅದಕ್ಕೆ ಒಂದೇ ಕಣ್ಣು.

"ನಿಮ್ಮ ಗೊರಕಪ್ಪನ ಕಣ್ಣು ಕಿತ್ತು ನನ್ನ ಮಗು ಬಾಯಿಗೆ ಹಾಕ್ಕೊಂಡಿತ್ತು. ನಾನು ನೋಡದೇ ಇದ್ದಿದ್ರೆ ಏನು ಗತಿ?"

ಅಕ್ಕ ಕರಡಿಯನ್ನು ತಿರುಗಿಸಿ ನೋಡಿದಳು. ಇದು ಅವಳ ಕೈಯದಲ್ಲ. ಅವಳು ಕಣ್ಣನ್ನು ದಾರದಲ್ಲೇ ಹೊಲಿಯುತ್ತಾಳೆ, ಗುಂಡಿ ಅಂಟಿಸುವುದಿಲ್ಲ. ಗೊರಕಪ್ಪ ಅವಳೇ ಕಟ್ಟಿದ ಕಥೆಯ ನಿದ್ದೆಬುರುಕ ಕರಡಿ. ಹೆಸರು ಬಂದದ್ದು ಗಂಡನ ಗೊರಕೆಯಿಂದ. ಮನೆಯ ಗೋಡೆಗಳೇ ಸಾಕ್ಷಿ.

ಈ ಕರಡಿಯ ಕಾಲಿಗೆ ಹೊಲಿದ ಹೆಸರಿನ ಪಟ್ಟಿಯಲ್ಲಿ 'ಗೊರ್ಕಪ್ಪ' ಎಂದಿತ್ತು.

"ನೋಡಮ್ಮ, ಅದು ಗೊರ್ಕಪ್ಪ. ನಮ್ದು ಗೊರಕಪ್ಪ. ಬೇರೆ ಹೆಸರು," ಎಂದ ಒಳಗಿನಿಂದ ಬಂದ ಗಂಡ.

"ಏನು ವ್ಯತ್ಯಾಸ? ಇನ್ನು ನಿಮ್ಮ ಗೊಂಬೆಯ ಸಹವಾಸವೇ ಬೇಡ," ಎಂದು ತಾಯಿ ಹೊರಟೇಹೋದಳು.

ಸಂಜೆ ನಾದಿನಿ ಬಂದಳು. ಅವಳು ವಕೀಲರ ಕಚೇರಿಯಲ್ಲಿ ಕೆಲಸ ಮಾಡುವವಳು. ಎಲ್ಲ ಕೇಳಿ, "ಅಣ್ಣ, ಎರಡೂ ಹೆಸರು ಬೇಗ ಬೇಗ ಹೇಳು," ಎಂದಳು.

ಅಣ್ಣ ಹೇಳಿದ. ಮತ್ತೆ ಹೇಳಿದ. ಆಮೇಲೆ ತಾನು ಯಾವುದನ್ನು ಹೇಳಿದೆನೆಂದು ಅವನಿಗೇ ತಿಳಿಯಲಿಲ್ಲ.

"ಕೊಳ್ಳೋರು ಕಾಗುಣಿತ ತಿದ್ತಾ ಕೂರಲ್ಲ. ಕಿವಿಗೆ ಒಂದೇ ಅನ್ನಿಸಿ ಜನ ಮೋಸ ಹೋಗೋ ಹಾಗಿದ್ರೆ, ಒಂದಕ್ಷರ ತಿರುಚಿದ್ರೂ ಅದು ತಪ್ಪೇ."

"ಕಥೆ ನಮ್ದು ಅಂತ ಎಲ್ಲರಿಗೂ ಗೊತ್ತಲ್ಲ. ಸಾಲ್ದಾ?" ಎಂದ ಅಣ್ಣ.

"ಕಥೆಯ ಹಕ್ಕು ಬೇರೆ, ಮಾರೋ ಸರಕಿನ ಹೆಸರಿನ ಹಕ್ಕು ಬೇರೆ. ಹೆಸರನ್ನ ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸ್ಬೇಕು. ಆ ಗೊರ್ಕಪ್ಪ ಮಾರೋರೇ ಮೊದಲು ಮಾಡಿಸಿಕೊಂಡ್ರೆ, ನಿಮ್ಮ ಕರಡಿಯ ಹೆಸರಿಗೆ ನೀವೇ ಕೋರ್ಟು ಅಲೀಬೇಕು. ಹಳೆ ರಸೀದಿ, ಫೋಟೊ ತೋರಿಸಿ ಹೋರಾಡಬಹುದು. ಆ ತಾಪತ್ರಯ ಯಾಕೆ?"

"ಒಂದು ಗೊಂಬೆಗೆ ಇಷ್ಟೆಲ್ಲಾನಾ?" ಗಂಡ ರಾಗ ಎಳೆದ.

ಅಕ್ಕ ಸೂಜಿ ಕೆಳಗಿಟ್ಟಳು. "ಆ ಮಗುಗೆ ಏನಾದ್ರೂ ಆಗಿದ್ರೆ ಜನ ಯಾರಿಗೆ ಶಾಪ ಹಾಕ್ತಿದ್ರು ರೀ? ಮಾಡದ ತಪ್ಪಿಗೆ ನಾನು ತಲೆ ತಗ್ಗಿಸಿದೆ. ನನಗೆ ಸಂಕಟ ಆಗ್ತಿದೆ."

ಗಂಡ, "ನಾಳೆ ಎಲ್ಲಿಗೆ ಹೋಗ್ಬೇಕು ಹೇಳಮ್ಮ," ಎಂದು ತಂಗಿಯನ್ನು ಕೇಳಿದ.

ನೋಂದಣಿಗೆ ಅರ್ಜಿ ಹಾಕಿದರು. ಗೊರ್ಕಪ್ಪನನ್ನು ಮಾರುವವರಿಗೆ ವಕೀಲರಿಂದ ಎಚ್ಚರಿಕೆ ಹೋಯಿತು; ಆ ಪಟ್ಟಿಯ ಕರಡಿಗಳು ಅಂಗಡಿಗಳಿಂದ ಮಾಯವಾದವು. ಆ ತಾಯಿ ಮಾತ್ರ ಈಗಲೂ ಅಕ್ಕನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಾಳೆ.

ನೀವು ಹುಟ್ಟಿಸಿದ ಪಾತ್ರದ ಹೆಸರಲ್ಲಿ ಏನಾದರೂ ಮಾರುತ್ತಿದ್ದೀರಾ? ಆ ಹೆಸರು ಈಗಾಗಲೇ ಬೇರೆಯವರ ಹೆಸರಲ್ಲಿ ನೋಂದಣಿಯಾಗಿದೆಯೇ ಎಂದು ಹುಡುಕಿಸಿ, ಇಲ್ಲವಾದರೆ ಬೇಗ ನೋಂದಾಯಿಸಿ. ಇನ್ನೊಬ್ಬರ ಪಾತ್ರದ ಹೆಸರಿನಲ್ಲಿ ಒಂದಕ್ಷರ ಬದಲಿಸಿ ಬಳಸುತ್ತಿದ್ದರೆ ಇವತ್ತೇ ನಿಲ್ಲಿಸಿ. ಕಾನೂನು ಹೆಸರನ್ನು ಉಳಿಸಿಕೊಡಬಹುದು, ಹೊರಟುಹೋದ ಆ ತಾಯಿಯನ್ನು ಮರಳಿ ಕರೆತರಲಾರದು.