ಮೂಲೆಯ ಹಳದಿ

ಹಳದಿ ಮತ್ತೆ ಕಣ್ಣಿಗೆ ಹೊಡೆಯಿತು, ಕಿಟಕಿಯ ಬಿಸಿಲಿಗೆ ಈ ಪರದೇಶದ ಟೂಂಗಾಬಿಯ ರೂಮಿನಲ್ಲಿ ಬೇರೆ ಜಾಗವೇ ಸಿಗಲಿಲ್ಲವೇನೋ, ನೇರ ಕೌದಿಯ ಆ ಮೂಲೆಗೇ ಬಂದು ಕೂತಿದೆ, ವಸಂತಾ ಸೂಜಿಗೆ ದಾರ ಪೋಣಿಸುತ್ತಿದ್ದಾಳೆ, ಹೋಗಲಿಲ್ಲ, ಎಂಜಲು ಹಚ್ಚಿದಳು, ಆಗಲೂ ಹೋಗಲಿಲ್ಲ, ಹಾಳಾಗಿ ಹೋಗಲಿ — ಕೌದಿ ಒಯ್ಯಲು ಮಧ್ಯಾಹ್ನ ವ್ಯಾನು ಬರುತ್ತದೆ, ಶನಿವಾರ ಮೆಲ್ಬರ್ನಿನಲ್ಲಿ ಪ್ರದರ್ಶನ, ಅಷ್ಟರೊಳಗೆ ಇದನ್ನು ಮುಚ್ಚಬೇಕು, ತೃಷಾ ಅಲ್ಲಿನ ಬಾಕ್ಸ್ ಹಿಲ್ಲಿನ ಆಸ್ಪತ್ರೆಯಿಂದ ಡ್ಯೂಟಿಯ ನಡುವೆ ಫೋನ್ ಮಾಡಿ ಪಿಸುಗುಟ್ಟಿದ್ದು ಇಷ್ಟೇ, ಅಮ್ಮ ಉಡುಪಿಯಿಂದ ಬಂದಿದ್ದಾರೆ ಮಾರಾಯ್ತಿ, ನಿನ್ನ ಎಕ್ಸಿಬಿಷನ್ ನೋಡ್ಬೇಕಂತೆ, ಆ ಹಳದಿ ಚೂಡಿದಾರ್ ನಂಗೆ ಅವರೇ ಹೊಲಿಸಿ ಕೊಟ್ಟದ್ದು, ಕಂಡ ಕೂಡಲೇ ಗೊತ್ತಾಗ್ತದೆ, ಮೇಲೊಂದು ಬೇರೆ ಬಟ್ಟೆ ಹಾಕು, ನಿಂಗೆ ಅದೆಂಥ ದೊಡ್ಡ ಕೆಲಸ. ದೊಡ್ಡ ಕೆಲಸವೇನಲ್ಲ, ಇಷ್ಟು ವರ್ಷ ಇಬ್ಬರೂ ಮುಚ್ಚುವುದು ಬಿಟ್ಟು ಬೇರೇನು ಮಾಡಿದ್ದಾರೆ, ರೂಮ್‌ಮೇಟ್ ಎಂದರು, ಫ್ರೆಂಡ್ ಎಂದರು, ಒಂದೇ ಮಂಚವಿದ್ದ ಮನೆಗೆ ಯಾರಾದರೂ ಬಂದರೆ ನೆಲದ ಮೇಲೆ ಸುಳ್ಳು ಹಾಸಿಗೆ ಹಾಸಿದರು, ಕೊನೆಗೆ ತೃಷಾ ಕೆಲಸ ಸಿಕ್ಕಿ ಮೆಲ್ಬರ್ನಿಗೆ ಹೋದಳು, ಚೂಡಿದಾರ್ ಬಾಗಿಲ ಹಿಂದೆ ನೇತಾಡುತ್ತ ಉಳಿಯಿತು.

ಕಿತ್ತು ತೆಗೆಯೋಣವೆಂದರೆ ಸಿದ್ದಿಯರ ಕೌದಿ ಹಾಗೆ ಬಿಡುವುದಿಲ್ಲ, ಹಳಿಯಾಳದಲ್ಲಿ ಅವ್ವ ಕಲಿಸಿದ್ದು, ಮೂಲೆಯಿಂದ ಶುರು ಮಾಡಿ, ತುಂಡಿನ ಮೇಲೆ ತುಂಡು ಹತ್ತಿಸಿ, ಸುತ್ತಿ ಸುತ್ತಿ ನಡುವಿಗೆ ಬಂದು ಮುಗಿಸುವುದು, ಮೊದಲ ತುಂಡು ಎಳೆದರೆ ಕೌದಿಯೆಲ್ಲ ಬಿಚ್ಚಬೇಕು, ಪೆದ್ದಿ, ಎಲ್ಲಕ್ಕಿಂತ ಮೊದಲು ಕತ್ತರಿಸಿ ಇಟ್ಟದ್ದೇ ಈ ಹಳದಿ, ಪ್ರೀತಿಯ ಕೊಬ್ಬು. ಸುಸ್ತು, ಸೊಂಟಕ್ಕಲ್ಲ, ಎಲ್ಲಿಗೋ — ಕೌದಿಯ ಹಿಂದೆ ಅವ್ವ ಬಾರಿಸಿದ ಡಮಾಮಿಯ ರೆಕಾರ್ಡಿಂಗ್ ಕೇಳಿಸಬೇಕು ಎಂದಾಗ ಗ್ಯಾಲರಿಯವಳು, ಡೋಲು ಅಲ್ವಾ, ಹಾಗಾದ್ರೆ ಆಫ್ರಿಕನ್ ಅಂತ ಹಾಕೋಣವಾ, ಇಂಡಿಯನ್ ಅಂತಲಾ ಎಂದಿದ್ದಳು, ಎರಡೂ ಹಾಕು ತಾಯಿ, ಹಡಗಿನಲ್ಲಿ ತಂದಿಳಿಸಿದ ಗುಲಾಮರ ಮೊಮ್ಮಕ್ಕಳ ಮೊಮ್ಮಕ್ಕಳು ನಾವು, ಕಾಡಿನಲ್ಲಿ ಕನ್ನಡ ಕಲಿತವರು — ಇಲ್ಲಿನ ಕನ್ನಡದವನ ಅಂಗಡಿಯಲ್ಲಿ ಕರಿಬೇವು ಕೇಳಿದರೆ, ವಾವ್, ಕನ್ನಡ ಎಲ್ಲಿ ಕಲಿತ್ರಿ ನೀವು, ಹುಟ್ಟಿದ್ದೇ ಹಳಿಯಾಳದಾಗ ಅಂಕಲ್, ಅಂಕಲ್ ನನ್ನ ಗುಂಗುರು ಕೂದಲು ನೋಡಿದ, ನಂಬಲಿಲ್ಲ, ಕೊತ್ತಂಬರಿ ಮಾತ್ರ ಫ್ರೀ ಕೊಟ್ಟ. ಈ ಕಪ್ಪು ಮೈ ಮುಚ್ಚುವ ಬಟ್ಟೆ ಎಲ್ಲೂ ಇಲ್ಲ, ಬೀದಿಗೆ ಕಾಲಿಟ್ಟರೆ ಕಂಡೇ ಕಾಣುತ್ತದೆ, ಮುಚ್ಚಿಡಬಹುದಾದದ್ದು ಇದೊಂದೇ, ಅದಕ್ಕೇ ಎಲ್ಲರೂ ಇದನ್ನೇ ಮುಚ್ಚು ಎನ್ನುತ್ತಾರೆ, ತೃಷಾ ಕೂಡ, ತೃಷಾ ಕೂಡ.

ದಾರ ಕೊನೆಗೂ ಸೂಜಿಯೊಳಗೆ ಹೋಯಿತು, ತನ್ನ ಹಳೆಯ ಕರಿ ಅಂಗಿಯ ತುಂಡು ಮೇಲಿಟ್ಟಳು, ಒಂದು ಬದಿ ಹೊಲಿದಳು, ಎರಡನೆಯದು, ಮೂರನೆಯದು, ಕೈ ತಾನಾಗಿ ಓಡುತ್ತದೆ, ಕೈಗೇನು ಗೊತ್ತು ನಾಚಿಕೆ, ತೃಷಾಳ ಅಮ್ಮ ಶನಿವಾರ ಇದರ ಮುಂದೆ ನಿಂತು ಚಂದ ಉಂಟು ಎನ್ನುತ್ತಾರೆ, ತೃಷಾ ಪಕ್ಕದಲ್ಲಿ ಉಸಿರು ಬಿಡುತ್ತಾಳೆ, ನಾನು ಆಂಟಿಗೆ ನಮಸ್ಕಾರ ಮಾಡುತ್ತೇನೆ, ಫ್ರೆಂಡು — ನಾಲ್ಕನೆಯ ಬದಿಗೆ ಬಂದ ಸೂಜಿ ನಿಂತಿತು, ಹೊರಗೆ ವ್ಯಾನಿನ ಹಾರ್ನ್, ಇನ್ನು ನನ್ನ ಕೈಯಲ್ಲಾಗದು, ಹಲ್ಲಿನಿಂದ ದಾರ ಕಡಿದಳು, ಮೂರು ಬದಿ ನಿನ್ನ ಹೆದರಿಕೆಗೆ ತೃಷಾ, ಈ ಬದಿ ನನಗಿರಲಿ, ಫ್ಯಾನಿನ ಗಾಳಿಗೆ ಕರಿ ಬಟ್ಟೆ ಮೇಲೇಳುತ್ತದೆ, ಹಳದಿ, ಬೀಳುತ್ತದೆ, ಮತ್ತೆ ಏಳುತ್ತದೆ, ಹಳದಿ, ವ್ಯಾನಿನವನು ಹಾರ್ನ್ ಹೊಡೆಯುತ್ತಲೇ ಇದ್ದಾನೆ, ಹಳದಿ