ಸಿನಿಮಾದವರಿಗೆ ಗೊತ್ತಿಲ್ಲದ ಟೀ ಅಂಗಡಿ

೧೯೭೯ರಲ್ಲಿ ನಾನೊಬ್ಬನೇ, ಒಂದು ಕೈಯನ್ನು ಜೇಬಿನಲ್ಲಿಟ್ಟುಕೊಂಡೇ, ಎದುರಾಳಿ ಊರಿನ ನಾನೂರು ಪುಂಡರನ್ನು ಫುಟ್‌ಬಾಲ್ ಮೈದಾನದಿಂದ ರೈಲು ನಿಲ್ದಾಣದವರೆಗೆ ಅಟ್ಟಿಸಿಕೊಂಡು ಹೋಗಿದ್ದೆ. ಅವರಲ್ಲಿ ಕೆಲವರು ಇನ್ನೂ ಓಡುತ್ತಿದ್ದಾರೆಂದು ಇಂಗ್ಲೆಂಡಿನ ನಮ್ಮ ಲ್ಯಾಂಕಶೈರಿನಲ್ಲೆಲ್ಲ ಪ್ರತೀತಿ.

ಈ ಕಥೆ ಕೇಳುತ್ತಲೇ ಬೆಳೆದವಳು ನನ್ನ ಮಗಳು ಜಾನಿನ್. ಅವಳ ತಾಯಿ ಮೊರೀನ್ ತೀರಿಕೊಂಡ ಮೇಲೆ ನಾನು ಮನೆಯಿಂದ ಹೊರಬೀಳುವುದನ್ನೇ ಬಿಟ್ಟಿದ್ದೆ. ಆ ಕಾಲದ ಫುಟ್‌ಬಾಲ್ ಗಲಭೆಗಳ ಬಗ್ಗೆ ಹೊಸ ಸಿನಿಮಾ ಬಂದಾಗ ಅವಳೇ ಎಳೆದುಕೊಂಡು ಹೋದಳು.

"ನಿಂದೇ ಕಥೆ ಕಣಪ್ಪಾ. ಇವತ್ತು ನಿನ್ನ ಪರಾಕ್ರಮಾನ ಕಣ್ಣಾರೆ ನೋಡ್ತೀನಿ."

ಎಪ್ಪತ್ತು ದಾಟಿದ ನನಗೆ ಈ ಜಗತ್ತಿನಲ್ಲಿ ಉಳಿದಿದ್ದ ಅಭಿಮಾನಿ ಅವಳೊಬ್ಬಳೇ. ಅವಳನ್ನೂ ಕಳೆದುಕೊಂಡರೆ ಏನು ಗತಿ?

ಸಿನಿಮಾ ಸಪ್ಪೆ. ಪುಂಡರೆಲ್ಲ ಆಗತಾನೇ ಕ್ಷೌರ ಮಾಡಿಸಿಕೊಂಡು ಬಂದವರಂತಿದ್ದರು. ಒಂದು ಗುದ್ದಿಗೆ ಮೂರು ಭಾಷಣ. ಕಲ್ಲು, ಕುದುರೆ ಪೊಲೀಸರು, ರಕ್ತ ಎಲ್ಲ ಬಂದುಹೋದವು. ನಾನು ಪಾಪ್‌ಕಾರ್ನ್ ಮೆಲ್ಲುತ್ತ ಕುಳಿತಿದ್ದೆ. ಆಮೇಲೆ ಮೈದಾನದ ಟೀ ಅಂಗಡಿ ಬಂತು. ಹುಡುಗಿಯೊಬ್ಬಳು ಗಿರಾಕಿಯನ್ನು "ಹಾಲು ಎಷ್ಟು ಹಾಕಲಿ?" ಎಂದು ಕೇಳಿದಳು. ನಾನು ಎದ್ದು ನಿಂತೆ.

"ಯಾವ ಮುಠ್ಠಾಳ ಬರೆದಿದ್ದು ಇದನ್ನ! ಹಾಲು, ಸಕ್ಕರೆ ಎಲ್ಲ ಹಂಡೆಗೇ ಸುರಿಯೋದು! ಅರ್ಧ ಆಟ ಮುಗಿಯೋಕೆ ಐದು ನಿಮಿಷ ಮುಂಚೆ ಆರುನೂರು ಲೋಟ ತುಂಬಿಟ್ಟಿರ್ಬೇಕು!"

ಮುಂದಿನ ಸಾಲಿನ ಹೆಂಗಸು ತಿರುಗಿ, "ತಾತ, ನಿಮ್ಮ ಟೀನ ಮನೆಗೆ ಹೋಗಿ ಕಾಸ್ಕೊಳ್ಳಿ," ಎಂದಳು.

ಹೊರಗೆ ಬಂದ ಮೇಲೆ ಜಾನಿನ್ ನನ್ನ ಕೋಟಿನ ಗುಂಡಿ ಹಾಕುತ್ತ ಮೆಲ್ಲಗೆ ಕೇಳಿದಳು. "ಅಷ್ಟು ಹೊಡೆದಾಟದಲ್ಲಿ ನಿಂಗೆ ಒಂದು ತಪ್ಪೂ ಕಾಣ್ಲಿಲ್ಲ. ಟೀ ಅಂದ್ರೆ ಲೋಟದ ಲೆಕ್ಕವೂ ಗೊತ್ತು. ಆವತ್ತು ನೀನು ಎಲ್ಲಿದ್ದೆ? ನಿಜ ಹೇಳಪ್ಪಾ."

ನಾಲಿಗೆಯ ತುದಿಗೆ ಮೂರು ಸುಳ್ಳು ಬಂದವು. ಒಂದೂ ಹೊರಡಲಿಲ್ಲ.

"ಅಂಗಡಿ ಒಳಗಿದ್ದೆ ಕಣಮ್ಮ. ಟೀ ಮಾರ್ತಿದ್ದೆ. ಗಲಾಟೆ ಶುರುವಾದ ತಕ್ಷಣ ಷಟರ್ ಎಳೆದು ಹಂಡೆ ಹಿಂದೆ ಕೂತ್ಬಿಟ್ಟೆ. ಆಚೆ ಊರಿನ ಮುದುಕನೊಬ್ಬ, ಹಣೆ ಒಡೆದಿತ್ತು, ಒಳಗೆ ಬಿಡಿ ಅಂತ ಷಟರ್ ಬಡೀತಿದ್ದ. ತೆಗೀಬೇಡ ಅಂದೆ ನಾನು. ನಿಮ್ಮಮ್ಮ ಅಂಗಡಿ ಕೆಲಸಕ್ಕೆ ಸೇರಿ ಎರಡೇ ವಾರ ಆಗಿತ್ತು. ಅವಳು ತೆಗೆದಳು. ಅವನನ್ನ ಒಳಗೆಳ್ಕೊಂಡು, ನಮ್ಮೂರ ಪುಂಡರು ಬಂದಾಗ ಅಡ್ಡ ನಿಂತಳು."

"ಅಮ್ಮ ಒಂದು ದಿನವೂ ಹೇಳ್ಲಿಲ್ಲ!"

"ಎಲ್ಲಿ ಹೇಳ್ತಾಳೆ? ನಾನು ಕಥೆ ಕಟ್ಟಿದಾಗಲೆಲ್ಲ ಸುಮ್ನೆ ಬಟ್ಟೆ ಇಸ್ತ್ರಿ ಮಾಡ್ತಿದ್ದಳು. ಧೈರ್ಯ ಅವಳದ್ದು ಕಣಮ್ಮ. ನಾನು ನಡುಗ್ತಾ ಕೂತಿದ್ದೆ."