ಮರಿಯಾ ಬಂದ ದೋಣಿ

ಕತ್ತೆಯಂತೆ, ಕತ್ತೆ! ಆ ಮಾತು ಕಿವಿಗೆ ಬಿದ್ದಾಗಿನಿಂದ ಯೂಫೇಮಿಯಾಗೆ ಮೈಯೆಲ್ಲಾ ಉರಿ. ಟ್ರಿನಿಡಾಡಿನ ಉತ್ತರದ ಬೆಟ್ಟಸಾಲಿನ ಆ ಕೋಕೋ ಕಣಿವೆಯಲ್ಲಿ ಕ್ರಿಸ್‌ಮಸ್ ಬಂತೆಂದರೆ ಮನೆಮನೆಗೆ ಹೋಗಿ ಪರಾಂಗ್ ಹಾಡಬೇಕು, ಹಾಡಿಗೆ ಮೊದಲ ದನಿ ಅವಳದೇ ಆಗಬೇಕು. ಅವಳ ತಾಯಿ ಹಾಡಿದ್ದಳು, ಅಜ್ಜಿ ಹಾಡಿದ್ದಳು. ಈಗ ಅಣ್ಣನ ಮಗ ಅನ್ಸೆಲ್ಮೋ, ಮೊನ್ನೆ ಮೊನ್ನೆಯವರೆಗೂ ಮೂಗು ಸುರಿಸಿಕೊಂಡು ಅವಳ ಲಂಗ ಹಿಡಿದು ತಿರುಗುತ್ತಿದ್ದವನು, ಹಾಡೇ ತಪ್ಪು ಅನ್ನುತ್ತಾನೆ.

ಹಾಡಿನಲ್ಲಿ ಇರುವುದು ಇಷ್ಟೇ. ಹಾಡುವವರು ಮುಚ್ಚಿದ ಬಾಗಿಲ ಮುಂದೆ ನಿಂತು ಕೇಳುತ್ತಾರೆ: ಮರಿಯಾ ಬಂದಳು, ಬಾಗಿಲಿಗೆ ಬಂದಳು, ಯಾತರಲ್ಲಿ ಬಂದಳು? ಒಳಗಿರುವವರು ‘ಪಿರಾಗ್ವಾ’ ಎಂದು ಕೂಗಬೇಕು. ಪಿರಾಗ್ವಾ ಅಂದರೆ ಮರ ಕೊರೆದು ಮಾಡಿದ ದೋಣಿ. ಕೂಗಿದ ಮೇಲೆ ಚಿಲಕ ತೆಗೆಯಲೇಬೇಕು, ಬಂದವರಿಗೆ ರಮ್ ಕೊಡಬೇಕು, ಮೆಕ್ಕೆಜೋಳದ ಹಿಟ್ಟಿನೊಳಗೆ ಮಾಂಸ ತುಂಬಿ ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಪಾಸ್ತೆಲ್ ಬಡಿಸಬೇಕು. ಹಾಗೆ ಒಳಗೆ ಬಂದು ಉಂಡವರನ್ನು ಆ ಮನೆಯವರು ಮುಂದಿನ ಕ್ರಿಸ್‌ಮಸ್‌ವರೆಗೂ ದೂರ ಮಾಡುವಂತಿಲ್ಲ. ಕಣಿವೆಯಲ್ಲಿ ಎಷ್ಟೋ ದಾಯಾದಿ ಜಗಳ ಆ ಬಾಗಿಲಲ್ಲೇ ಮುಗಿದಿವೆ.

ಪಟ್ಟಣದಿಂದ ಬಂದ ಸ್ಪ್ಯಾನಿಷ್ ಮೇಷ್ಟ್ರು ಹಾಡು ಕೇಳಿ ನಕ್ಕುಬಿಟ್ಟಿದ್ದರು. ಯೇಸುವಿನ ತಾಯಿ ಮರಿಯಾ ಬೆತ್ಲೆಹೇಮಿಗೆ ಹೋದದ್ದು ಕತ್ತೆಯ ಮೇಲೆ, ಅಲ್ಲಿ ಸಮುದ್ರವೇ ಇಲ್ಲ, ದೋಣಿ ಎಲ್ಲಿಂದ ಬರಬೇಕು ಎಂದು ಕೇಳಿದ್ದರು. ಹಾಡುವ ಮೇಳ ನಡೆಸುತ್ತಿದ್ದ ಅನ್ಸೆಲ್ಮೋಗೆ ಅಷ್ಟೇ ಸಾಕಾಯಿತು. ಈ ಸಲ ಕತ್ತೆ ಅಂತಲೇ ಹಾಡಬೇಕು, ಒಪ್ಪದವರು ಮೇಳಕ್ಕೆ ಬರುವುದು ಬೇಡ ಎಂದು ಎಲ್ಲರೆದುರು ಹೇಳಿಬಿಟ್ಟ.

ಅವನ ಹೊಟ್ಟೆಯೊಳಗಿನ ಸಂಕಟ ಬೇರೆಯೇ ಇತ್ತು, ಅದು ಯೂಫೇಮಿಯಾಗೆ ಗೊತ್ತಿಲ್ಲದ್ದೇನಲ್ಲ. ಕಣಿವೆಯ ಬೆಟ್ಟದ ನೆತ್ತಿ ಹತ್ತಿ ನಿಂತರೆ, ಮೋಡವಿಲ್ಲದ ದಿನ, ಆಚೆ ದಡದ ವೆನೆಜುವೆಲಾ ಕಣ್ಣಿಗೇ ಕಾಣುತ್ತದೆ. ಮಧ್ಯೆ ಇರುವುದು ಒಂದು ಗೇಣು ಸಮುದ್ರ. ಆ ಕಡೆ ಬದುಕು ಕೆಟ್ಟಾಗಲೆಲ್ಲ ಜನ ದೋಣಿ ಹತ್ತಿ ಈ ಕಡೆ ಬಂದಿದ್ದಾರೆ. ಈ ಬೆಟ್ಟಗಳಿಗೆ ಕೋಕೋ ನೆಟ್ಟವರೇ ಹಾಗೆ ಬಂದವರು. ಈಗ ಮತ್ತೆ ಬರುತ್ತಿದ್ದರು. ಬಂದವರಲ್ಲಿ ಯುಸ್ಮರಿ ಎಂಬ ಹೆಣ್ಣುಮಗಳಿಗೆ ಯೂಫೇಮಿಯಾ ಮನೆತನದ ಕೋಕೋ ಒಣಗಿಸುವ ಮನೆಯಲ್ಲಿ ಜಾಗ ಕೊಟ್ಟಿದ್ದಳು. ಆ ಮನೆಯಲ್ಲಿ ಅನ್ಸೆಲ್ಮೋಗೂ ಪಾಲಿತ್ತು. ಹಬ್ಬದೊಳಗೆ ಅವಳು ಜಾಗ ಖಾಲಿ ಮಾಡದಿದ್ದರೆ ತಾನೇ ಪೊಲೀಸರನ್ನು ಕರೆಸುತ್ತೇನೆಂದು ಅವನು ಹೇಳಿ ಹೋಗಿದ್ದ. ದೋಣಿಯವರನ್ನು ಅಟ್ಟುವವನ ಬಾಯಲ್ಲಿ ದೋಣಿಯ ಹಾಡು ಹೇಗೆ ಬಂದೀತು!

ಮಾರನೆಯ ದಿನ ಕೋಕೋ ಒಣಗಿಸುವ ಹಲಗೆಗಳ ಮೇಲೆ ಯೂಫೇಮಿಯಾ, ಯುಸ್ಮರಿ ಇಬ್ಬರೂ ಬರಿಗಾಲಲ್ಲಿ ಬೀಜ ತುಳಿಯುತ್ತಿದ್ದರು. ಹೊಳಪು ಬರಬೇಕಾದರೆ ಕುಣಿದ ಹಾಗೆ ತುಳಿಯಬೇಕು. ಯೂಫೇಮಿಯಾಳ ಸ್ಪ್ಯಾನಿಷ್ ಹರಕುಮುರುಕು, ಅಜ್ಜಿಯಿಂದ ಬಂದದ್ದರಲ್ಲಿ ಹಾಡಿನಲ್ಲಿ ಇದ್ದಷ್ಟು ಮಾತ್ರ ಉಳಿದಿತ್ತು. ಅದರಲ್ಲೇ ನಡೆದದ್ದನ್ನೆಲ್ಲ ಹೇಳಿಕೊಂಡಳು. ಆಚೆ ದಡದವಳಾದರೂ ತನ್ನ ಕಡೆ ನಿಲ್ಲುತ್ತಾಳೆ ಎಂಬ ಆಸೆ ಮುದುಕಿಗೆ.

ಯುಸ್ಮರಿ ತಲೆ ತಗ್ಗಿಸಿದಳು. "ನಮ್ಮ ಕಡೆನೂ ಕತ್ತೆ ಅಂತಾನೇ ಹಾಡೋದು, ಅಜ್ಜಿ."

ಯೂಫೇಮಿಯಾಗೆ ಅಳು ಬಂದಂತಾಯಿತು. ಅಷ್ಟು ವರ್ಷ ಹಾಡಿದ್ದು, ಅವ್ವ ಸಾಯುವಾಗಲೂ ಗುನುಗಿದ್ದು, ಎಲ್ಲ ಸುಳ್ಳೇ? ಮರುಕ್ಷಣವೇ ಸಿಟ್ಟು ನೆತ್ತಿಗೇರಿತು.

"ಹಂಗಾದ್ರೆ ನೀನು ಹೆಂಗ್ ಬಂದ್ಯೇ? ಕತ್ತೆ ಮೇಲಾ?"

ಹುಡುಗಿಯ ಕಾಲು ನಿಂತುಹೋಯಿತು. ತಾನು ಹೇಗೆ ಬಂದೆ ಎಂದು ಅವಳು ಯಾರಿಗೂ ಬಾಯಿ ಬಿಟ್ಟಿರಲಿಲ್ಲ, ಕೇಳಿದರೆ ಎದ್ದು ಹೋಗುತ್ತಿದ್ದಳು. ಈಗ ಮುದುಕಿಯ ಮುಖ ನೋಡಿ ನಗು ತಡೆಯಲಾಗದೆ ಬೀಜದ ರಾಶಿಯ ಮೇಲೇ ಕುಸಿದು ಕೂತಳು. ಬಂದಾಗಿನಿಂದ ಅವಳು ನಕ್ಕದ್ದು ಅದೇ ಮೊದಲು. ನಕ್ಕು ನಕ್ಕು ಕೊನೆಗೆ ಅತ್ತಳು. ಯೂಫೇಮಿಯಾ ಅವಳ ತಲೆ ಸವರುತ್ತಾ, ಬೆತ್ಲೆಹೇಮಿನ ವಿಷಯ ಬೆತ್ಲೆಹೇಮಿನವರು ನೋಡಿಕೊಳ್ಳಲಿ, ಈ ಕಣಿವೆಗೆ ಬಂದ ಮರಿಯಾ ಮಾತ್ರ ದೋಣಿಯಲ್ಲೇ ಬಂದಿದ್ದಾಳೆ ಎಂದಳು. ಮಳೆಗಾಲದಲ್ಲಿ ಆಚೆ ದಡದ ದೊಡ್ಡ ಹೊಳೆಯ ಕೆಂಪು ನೀರು ನಮ್ಮ ದಡದವರೆಗೂ ಬರುತ್ತಲ್ಲ, ಅದನ್ನೂ ಪೊಲೀಸರಿಗೆ ಹಿಡಿದುಕೊಡುತ್ತಾನಾ ಈ ಅನ್ಸೆಲ್ಮೋ ಎಂದೂ ಕೇಳಿದಳು.

ಅನ್ಸೆಲ್ಮೋನ ಮೇಳ ಪಟ್ಟಣದ ಸ್ಪರ್ಧೆಯಲ್ಲಿ ಕತ್ತೆಯ ಹಾಡು ಹಾಡಿ ಬಂತು. ಯೂಫೇಮಿಯಾ ಹೋಗಲಿಲ್ಲ. ಹಬ್ಬದ ಹಿಂದಿನ ದಿನ ಮಧ್ಯಾಹ್ನದ ಊಟ ಮುಗಿಸಿ, ಒಳ್ಳೆಯ ಬಟ್ಟೆ ಹಾಕಿಕೊಂಡು, ಯುಸ್ಮರಿಯ ಕೈಗೆ ಗಿಲಕಿ ಕೊಟ್ಟು ಹೊರಟಳು. ಜೊತೆಗೆ ಢೋಲಕ್ ಬಾರಿಸುವ ಬಿಸೂನ್. ಅವನ ತಾತ ಕಬ್ಬು ಕಡಿಯಲು ಬಿಹಾರದಿಂದ ಹಡಗಿನಲ್ಲಿ ಬಂದವನು. ನಮ್ಮ ಮನೆಯವರಿಗೂ ಕತ್ತೆ ಸಿಗಲಿಲ್ಲ ಎಂದು ಬಿಸೂನ್ ಢೋಲಕ್ ಹೆಗಲಿಗೇರಿಸಿಕೊಂಡಿದ್ದ. ಪರಾಂಗ್ ಹಾಡುವುದು ಕತ್ತಲಾದ ಮೇಲಲ್ಲವೇ ಎಂದೂ ಕೇಳಿದ. ಕತ್ತಲಲ್ಲಿ ಹೋದರೆ ಯಾರು ನೋಡುತ್ತಾರೆ, ಎಲ್ಲರೂ ನೋಡಲಿ ಎಂದೇ ಬಿಸಿಲಲ್ಲಿ ಹೊರಟಿರುವುದು ಎಂದಳು ಯೂಫೇಮಿಯಾ.

ಅನ್ಸೆಲ್ಮೋನ ಬಾಗಿಲು ಮುಚ್ಚಿತ್ತು. ಕಿಟಕಿಯ ಪರದೆ ಅಲುಗಾಡಿದ್ದು ಮಾತ್ರ ಕಂಡಿತು. ಯೂಫೇಮಿಯಾ ದನಿ ಎತ್ತಿದಳು: ಮರಿಯಾ ಬಂದಳು, ಬಾಗಿಲಿಗೆ ಬಂದಳು, ಯಾತರಲ್ಲಿ ಬಂದಳು? ಒಳಗೆ ಉಸಿರಿಲ್ಲ. ಮತ್ತೆ ಹಾಡಿದಳು. ಅಕ್ಕಪಕ್ಕದವರು ಒಬ್ಬೊಬ್ಬರೇ ಹೊರಗೆ ಬಂದು ನಿಂತರು. ಅವನು ತೆರೆಯುವುದಿಲ್ಲ, ಸುಮ್ಮನೆ ಯಾಕೆ ಗಂಟಲು ಹರಿದುಕೊಳ್ಳುತ್ತೀಯಾ ಎಂದು ಯಾರೋ ಅಂದರು. ಯುಸ್ಮರಿಯ ಗಿಲಕಿ ತಾಳ ತಪ್ಪಿತು. ವಾಪಸು ಹೋಗೋಣ ಎಂದು ಕಣ್ಣಲ್ಲೇ ಬೇಡಿಕೊಂಡಳು.

ಯೂಫೇಮಿಯಾ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಅಲ್ಲೇ ಹೊಸ ಪದ ಕಟ್ಟಿ ಹಾಡಿದಳು. ನಿನ್ನ ಮುತ್ತಜ್ಜಿ ಒದ್ದೆ ಲಂಗದಲ್ಲಿ ದಡಕ್ಕೆ ಇಳಿದಳು, ಅವಳಿಗೂ ಯಾರೋ ಬಾಗಿಲು ತೆರೆದರು, ತೆರೆಯದಿದ್ದರೆ ನೀನೆಲ್ಲಿ ಇರುತ್ತಿದ್ದೆ ಎಂದು ಹಾಡಿದಳು. ಬಿಸೂನ್ ಢೋಲಕ್ಕಿನ ಓಟ ಏರಿಸಿದ. ಅನ್ಸೆಲ್ಮೋ ಆ ತಾಳ ಕೇಳಿಯೇ ಬೆಳೆದವನು, ಪುಟ್ಟವನಿದ್ದಾಗ ಇದೇ ಬಾಗಿಲ ಹಿಂದೆ ತುದಿಗಾಲಲ್ಲಿ ನಿಂತು ಎಲ್ಲರಿಗಿಂತ ಮೊದಲು ಕೂಗುತ್ತಿದ್ದವನು. ಯೂಫೇಮಿಯಾ ಉಸಿರು ಕಟ್ಟಿ ಕೊನೆಯ ಸಾಲು ಎಳೆದಳು, ಢೋಲಕ್ ಗಕ್ಕನೆ ನಿಂತಿತು.

"ಪಿರಾಗ್ವಾ!"

ಒಳಗಿನಿಂದ ಬಂದ ಕೂಗು. ಅನ್ಸೆಲ್ಮೋ ಗಂಟಲು ಬಿಚ್ಚಿ ಕೂಗಿದ್ದ. ಬೀದಿಯೆಲ್ಲ ಗೊಳ್ಳೆಂದು ನಕ್ಕಿತು. ಬಹಳ ಹೊತ್ತಿನ ಮೇಲೆ ಚಿಲಕ ಸರಿದ ಸದ್ದಾಯಿತು.

ಅನ್ಸೆಲ್ಮೋ ಹೊಸ್ತಿಲಲ್ಲಿ ನಿಂತಿದ್ದ, ಮುಖ ಕೆಂಪಗಾಗಿತ್ತು. ಯುಸ್ಮರಿಯ ಕಡೆ ನೋಡಲಾರದೆ ನೆಲ ನೋಡುತ್ತಿದ್ದ.

"ಬಾಯ್ತಪ್ಪಿ ಬಂತು, ಅತ್ತೆ."

"ತಪ್ಪಿ ಬಂದಿದ್ದಲ್ಲ ಕಣೋ," ಅಂದಳು ಯೂಫೇಮಿಯಾ. "ನಾವೆಲ್ಲ ಬಂದಿದ್ದೇ ಹಂಗೆ."

ಅವನನ್ನು ಬದಿಗೆ ಸರಿಸಿ, ಯುಸ್ಮರಿಯ ಬೆನ್ನಿಗೆ ಕೈಯಿಟ್ಟು ತನಗಿಂತ ಮುಂದಾಗಿ ಅವಳನ್ನು ಒಳಗೆ ಕಳಿಸಿದಳು. ಪಾಸ್ತೆಲ್ ಬಿಸಿಯಾಗಿ ಇದೆಯೋ ಇಲ್ಲವೋ ಎಂದು ಕೇಳುತ್ತಾ ತಾನೂ ಹೊಸ್ತಿಲು ದಾಟಿದಳು.